ಕಣ್ಣಂದಾಜಿಗೆ ಸಿಗದ ಸಾವುಗಳು

ಅರ್ಧ ಲೀಟರ್ ಅಂದರೆ ನಂದಿನಿ ಹಾಲಿನ ಒಂದು ಪ್ಯಾಕೆಟ್. ಹೆರಿಗೆಯಾದ ಮೇಲೆ ಅಷ್ಟು ರಕ್ತ ಹೋದರೆ ಡಾಕ್ಟರುಗಳು ಅದನ್ನು ಅತಿ ರಕ್ತಸ್ರಾವ ಅನ್ನುತ್ತಾರೆ. ಪ್ಯಾಕೆಟ್ಟಿನಲ್ಲಿದ್ದಾಗ ಅರ್ಧ ಲೀಟರ್ ಎಷ್ಟು ಅಂತ ಮಕ್ಕಳಿಗೂ ಗೊತ್ತು. ಅದೇ ಅರ್ಧ ಲೀಟರ್ ಹಳೇ ಸೀರೆಗೆ ಸ್ವಲ್ಪ, ಚಾಪೆಗೆ ಸ್ವಲ್ಪ, ಬಟ್ಟೆ ಉಂಡೆಗಳಿಗೆ ಸ್ವಲ್ಪ, ಮಂಚದಿಂದ ಇಳಿದು ನೆಲಕ್ಕೆ ಸ್ವಲ್ಪ ಹಂಚಿಹೋದರೆ? ಅದಕ್ಕೆ ಗರ್ಭದ ನೀರೂ ಸೇರಿಕೊಂಡಿದ್ದರೆ? ಕೋಣೆಯಲ್ಲಿ ಇರುವುದು ಒಂದೇ ಬಲ್ಬ್ ಆಗಿದ್ದರೆ? ವರ್ಷಗಟ್ಟಲೆ ಹೆರಿಗೆ ಮಾಡಿಸಿದ ನರ್ಸುಗಳೂ ಡಾಕ್ಟರುಗಳೂ ಇಲ್ಲಿ ಎಡವುತ್ತಾರೆ. ರಕ್ತ ಜಾಸ್ತಿ ಹೋದಷ್ಟೂ ಅವರ ಅಂದಾಜು ಹಿಂದೆ ಬೀಳುತ್ತಾ ಹೋಗುತ್ತದೆ.

ತಾಯಂದಿರ ಸಾವಿನ ಮಾತು ಬಂದ ಕೂಡಲೇ ನಾವು ಬಡತನ, ರಸ್ತೆ ಇಲ್ಲದ ಊರು, ಡಾಕ್ಟರ್ ಇಲ್ಲದ ಆಸ್ಪತ್ರೆ ಅಂತ ಶುರು ಮಾಡುತ್ತೇವೆ. ಅದೆಲ್ಲ ನಿಜವೇ. ಆದರೆ ಈ ವಿಷಯ ಓದುತ್ತಾ, ಹೆರಿಗೆ ಮಾಡಿಸುವವರ ಹತ್ತಿರ ಕೇಳುತ್ತಾ ಬಂದಂತೆ ನನ್ನನ್ನು ಜಾಸ್ತಿ ಕಾಡಿದ್ದು ಬೇರೆಯೇ ಒಂದು ಸಂಗತಿ. ಎಷ್ಟೋ ಸಾವುಗಳಲ್ಲಿ ಪಕ್ಕದಲ್ಲೇ ಜನ ಇದ್ದರು. ಔಷಧಿಯೂ ಅದೇ ಕಟ್ಟಡದಲ್ಲಿತ್ತು. ಅಪಾಯ ಕಣ್ಣೆದುರೇ ಹರಿಯುತ್ತಿತ್ತು. ಯಾರೂ ಅಳೆದಿರಲಿಲ್ಲ, ಹಾಗಾಗಿ ಯಾರಿಗೂ ಕಾಣಲಿಲ್ಲ.

ರಕ್ತ ಯಾಕೆ ನಿಲ್ಲುತ್ತದೆ, ಯಾಕೆ ನಿಲ್ಲುವುದಿಲ್ಲ ಅಂತ ಮೊದಲು ಹೇಳಿಬಿಡುತ್ತೇನೆ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಬಿದ್ದ ಮೇಲೆ, ಮಾಸು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ಅದನ್ನು ಮುಚ್ಚುವ ಕೆಲಸ ಗರ್ಭಕೋಶದ ಸ್ನಾಯುವಿನದು. ಸ್ನಾಯು ಬಿಗಿದುಕೊಂಡರೆ ನಡುವೆ ಹಾದುಹೋಗುವ ನಾಳಗಳು ಹಿಸುಕಿಹೋಗಿ ರಕ್ತ ನಿಲ್ಲುತ್ತದೆ. ಆಗ ಹೊಕ್ಕುಳ ಹತ್ತಿರ ಕೈಯಿಟ್ಟರೆ ಗಟ್ಟಿ ಉಂಡೆ ಸಿಗುತ್ತದೆ. ಹೆರಿಗೆಯಾದ ಮೇಲೆ ಸಿಸ್ಟರ್ ಬಂದು ಬಂದು ಬಾಣಂತಿಯ ಹೊಟ್ಟೆ ಒತ್ತಿ ನೋಡುವುದು ಇದಕ್ಕೇ. ಸ್ನಾಯು ಬಿಗಿಯದೆ ಮೆತ್ತಗೆ ಉಳಿದುಬಿಟ್ಟರೆ ಒಂದೆರಡು ಗಂಟೆಯಲ್ಲೇ ಪ್ರಾಣ ಹೋಗಬಹುದು. ಮನೆಯವರೆಲ್ಲ ಮಗು ಯಾರ ಹಾಗಿದೆ ಅಂತ ನೋಡುತ್ತಾ ನಿಂತಿರುವ ಹೊತ್ತು ಅದು.

ಈ ರಕ್ತವನ್ನು ಅಳೆಯಲೇಬೇಕು ಅಂತ ಹೊರಟವರಲ್ಲಿ ನಮ್ಮ ಬೆಳಗಾವಿಯವರೂ ಇದ್ದಾರೆ. ಇದು ಕರ್ನಾಟಕದಲ್ಲೇ ಎಷ್ಟು ಜನಕ್ಕೆ ಗೊತ್ತಿದೆ? ನಾನು ಕೇಳಿದವರಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ.

ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ಡಾ. ಬಿ.ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮತ್ತು ಅವರ ಜೊತೆಗಾರರು, ರಿಚರ್ಡ್ ಡರ್ಮನ್ ಮುಂತಾದ ಅಮೆರಿಕದ ಸಂಶೋಧಕರ ಜೊತೆ ಸೇರಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ರೂಪಿಸಿದರು. ಬ್ರಾಸ್-ವಿ ಡ್ರೇಪ್ ಅಂತ ಅದರ ಹೆಸರು. ನೋಡಿದರೆ ಏನೂ ಅನ್ನಿಸದ ವಸ್ತು. ಮಗು ಹೊರಬಂದ ಕೂಡಲೇ ತಾಯಿಯ ಸೊಂಟದ ಕೆಳಗೆ ಇದನ್ನು ಸರಿಸುತ್ತಾರೆ. ಎರಡು ಪಟ್ಟಿಗಳನ್ನು ಹೊಟ್ಟೆಯ ಮೇಲೆ ತಂದು ಕಟ್ಟುತ್ತಾರೆ. ಹಾಳೆಯ ಇನ್ನೊಂದು ತುದಿ ಮೇಜಿನ ಅಂಚಿನಿಂದ ಕೆಳಗೆ ಇಳಿಬಿದ್ದು, ಲಾಳಿಕೆಯ ಆಕಾರದ ಚೀಲವಾಗುತ್ತದೆ. ಚೀಲದ ಮೇಲೆ ಅಳತೆಯ ಗೆರೆಗಳು. ರಕ್ತ ನೇರ ಅದರೊಳಗೆ ಇಳಿಯುತ್ತದೆ. ಗೆರೆ ಓದಿದರೆ ಆಯಿತು. ಕರೆಂಟ್ ಬೇಡ, ಮೆಷಿನ್ ಬೇಡ, ದೊಡ್ಡ ಓದೂ ಬೇಡ.

ಕಣ್ಣಂದಾಜನ್ನೂ ಈ ಹಾಳೆಯ ಅಳತೆಯನ್ನೂ ಹೋಲಿಸಿ ನೋಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಕಣ್ಣಲ್ಲಿ ನೋಡಿ ಹೇಳಿದ ಲೆಕ್ಕ ಹಾಳೆಯ ಲೆಕ್ಕಕ್ಕಿಂತ ಶೇಕಡ 33ರಷ್ಟು ಕಡಿಮೆ ಇತ್ತು. ಮೂರು ಪಾಲಿನಲ್ಲಿ ಒಂದು ಪಾಲು ರಕ್ತ ಯಾರ ಲೆಕ್ಕಕ್ಕೂ ಸಿಗದೇ ಹೋಗುತ್ತಿತ್ತು.

ಅದೇ ವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬೆಳಗಾವಿ ಜಿಲ್ಲೆಯ ಇನ್ನೊಂದು ದೊಡ್ಡ ಅಧ್ಯಯನ ಬಂತು. 2002ರಿಂದ 2005ರವರೆಗೆ ನಡೆದ ಕೆಲಸ. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆಯಾದ 1,620 ಹೆಣ್ಣುಮಕ್ಕಳು. ಹೆರಿಗೆ ಮಾಡಿಸಿದವರು ಊರಿನ ಎಎನ್‌ಎಂ ಸಿಸ್ಟರ್‌ಗಳು. ಮಗು ಹುಟ್ಟಿದ ಮೇಲೆ ಅರ್ಧ ಜನಕ್ಕೆ ಗರ್ಭಕೋಶ ಬಿಗಿಯಾಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆ, ಇನ್ನರ್ಧ ಜನಕ್ಕೆ ಔಷಧಿ ಇಲ್ಲದ ಮಾತ್ರೆ. ಎಲ್ಲರ ರಕ್ತವನ್ನೂ ಹಾಳೆಯಲ್ಲಿ ಅಳೆದರು. ಅತಿ ರಕ್ತಸ್ರಾವ ಶೇಕಡ 12ರಿಂದ 6.4ಕ್ಕೆ ಇಳಿಯಿತು. ಒಂದು ಲೀಟರ್ ದಾಟುವ ತೀವ್ರ ರಕ್ತಸ್ರಾವ ಶೇಕಡ 1.2ರಿಂದ 0.2ಕ್ಕೆ ಬಂತು. ಫ್ರಿಜ್ ಬೇಡದ, ಸೂಜಿ ಬೇಡದ, ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಬಹುದಾದ ಮಾತ್ರೆ ಅದು. ಆಸ್ಪತ್ರೆಗಳಲ್ಲಿ ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದು ಇದಕ್ಕಿಂತ ಒಳ್ಳೆಯದೇ. ಆದರೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ಆ ತಂಪನ್ನು ಎಲ್ಲಿಂದ ತರುವುದು? 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಬೆಳಗಾವಿ ಸೀಮೆಯ ಆ ಸಿಸ್ಟರ್‌ಗಳು ರಾತ್ರಿ ಹಗಲು ಚೀಲದ ಗೆರೆ ಓದಿ ಬರೆದಿಟ್ಟ ಅಂಕಿಗಳಿಗೆ ಅದರಲ್ಲಿ ಪಾಲಿದೆ. ನನಗೆ ಇದು ನಮ್ಮ ರಾಜ್ಯ ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಸಂಗತಿ ಅನ್ನಿಸುತ್ತದೆ. ಐಟಿ, ಬಿಟಿ ಅಂತ ಹೇಳಿಕೊಳ್ಳುವಷ್ಟೇ ಜೋರಾಗಿ.

ಆಮೇಲೆ ಅಂಥದ್ದೇ ಹಾಳೆ ಆಫ್ರಿಕಾದಲ್ಲಿ ಮಾಡಿದ ಕೆಲಸ ನೋಡಿ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ. ಈ ನಾಲ್ಕು ದೇಶಗಳ 80 ಆಸ್ಪತ್ರೆಗಳು, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳು. ಇ-ಮೋಟಿವ್ ಅಂತ ಆ ಅಧ್ಯಯನದ ಹೆಸರು, 2023ರಲ್ಲಿ ಫಲಿತಾಂಶ ಬಂತು. ಅರ್ಧ ಆಸ್ಪತ್ರೆಗಳಲ್ಲಿ ಎಂದಿನಂತೆ ಹೆರಿಗೆ. ಇನ್ನರ್ಧದಲ್ಲಿ ಪ್ರತಿ ತಾಯಿಗೂ ಅಳತೆಯ ಹಾಳೆ. ಗೆರೆ ದಾಟಿದರೆ ಗರ್ಭಕೋಶ ನೀವುವುದು, ಬಿಗಿಯಾಗಿಸುವ ಔಷಧಿ, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಎಲ್ಲಿಂದ ರಕ್ತ ಬರುತ್ತಿದೆ ಅಂತ ಪರೀಕ್ಷೆ, ಇಷ್ಟನ್ನೂ ಒಟ್ಟಿಗೇ ಶುರು ಮಾಡುವುದು. ಒಂದಾದ ಮೇಲೆ ಒಂದು ಅಂತ ಕಾಯುವಂತಿಲ್ಲ. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದಾಗುವ ಸಾವು, ಇವೆಲ್ಲ ಸೇರಿಸಿದ ಲೆಕ್ಕ ಶೇಕಡ 60ರಷ್ಟು ಇಳಿಯಿತು.

ಆ ವರದಿಯಲ್ಲಿ ನನ್ನನ್ನು ನಿಲ್ಲಿಸಿದ ಅಂಕಿ ಇನ್ನೊಂದಿದೆ. ಎಂದಿನಂತೆ ನಡೆದ ಆಸ್ಪತ್ರೆಗಳಲ್ಲಿ, ನಿಜವಾಗಿ ಅತಿ ರಕ್ತಸ್ರಾವ ಆದವರಲ್ಲಿ ಶೇಕಡ 51ರಷ್ಟು ಜನರದು ಮಾತ್ರ ಗುರುತಿಗೆ ಬಂದಿತ್ತು. ಹಾಳೆ ಹಾಸಿದ ಕಡೆ ಶೇಕಡ 93. ಅಂದರೆ ಆಸ್ಪತ್ರೆಗೆ ಬಂದು, ಮೇಜಿನ ಮೇಲೆ ಮಲಗಿ, ಸುತ್ತ ಸಿಬ್ಬಂದಿ ಇರುವಾಗಲೂ, ರಕ್ತ ಸುರಿಯುತ್ತಿದ್ದ ಇಬ್ಬರಲ್ಲಿ ಒಬ್ಬಳು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇದನ್ನು ಅಲ್ಲಿನ ಸಿಬ್ಬಂದಿಯ ಬೇಜವಾಬ್ದಾರಿ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವರ ಕೈಗೆ ಅಳತೆ ಕೊಟ್ಟಾಗ ಅದೇ ಜನ, ಅದೇ ದೇಶಗಳಲ್ಲಿ, ಅಂಥವೇ ಆಸ್ಪತ್ರೆಗಳಲ್ಲಿ, ಜೀವ ಉಳಿಸಿದರು.

2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸೂಚನೆಯನ್ನೂ ಬದಲಿಸಿತು. ಅರ್ಧ ಲೀಟರ್ ಆಗಲಿ ಅಂತ ಕಾಯಬೇಡಿ, 300 ಮಿ.ಲೀ. ಆದಾಗಲೇ ನಾಡಿ, ಬಿಪಿ ಏರುಪೇರಾಗಿದ್ದರೆ ಚಿಕಿತ್ಸೆ ಶುರು ಮಾಡಿ ಅಂತ. ಬಡ ದೇಶಗಳಿಗೆ ಮಾತ್ರ ಹೇಳಿದ ಪಾಠ ಇದು ಅಂದುಕೊಳ್ಳಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಸ್ಪತ್ರೆಗಳು ಒಟ್ಟುಗೂಡಿ, ರಕ್ತ ನೆನೆದ ಬಟ್ಟೆಗಳನ್ನು ತೂಕ ಮಾಡಿ ಲೆಕ್ಕ ಹಾಕುವುದು, ರಕ್ತಸ್ರಾವಕ್ಕೆ ಬೇಕಾದ ಎಲ್ಲವನ್ನೂ ಒಂದೇ ಗಾಡಿಯಲ್ಲಿ ಸಿದ್ಧವಾಗಿಡುವುದು, ಇಂಥ ಅಭ್ಯಾಸಗಳನ್ನು ತಂದವು. 2006ರಿಂದ 2013ರೊಳಗೆ ಆ ರಾಜ್ಯದ ತಾಯಂದಿರ ಸಾವಿನ ಪ್ರಮಾಣ ಅರ್ಧಕ್ಕೂ ಕೆಳಗೆ ಇಳಿಯಿತು. ಅಲ್ಲಿ ಹೆರಿಗೆಯಾದ ಎಷ್ಟೋ ಕನ್ನಡದ ಹೆಣ್ಣುಮಕ್ಕಳ ಕೋಣೆಯ ಪಕ್ಕದಲ್ಲೂ ಆ ಗಾಡಿ ನಿಂತಿರುತ್ತದೆ.

ನಮ್ಮ ಮನೆಯಲ್ಲೂ ಹೀಗೆ ಹೋದವಳು ಒಬ್ಬಳಿದ್ದಾಳೆ. ಅಮ್ಮನ ಚಿಕ್ಕಮ್ಮ. ಅವಳ ಬಗ್ಗೆ ಮನೆಯಲ್ಲಿ ಉಳಿದಿರುವುದು ಎರಡೇ ಮಾತು: ಹೆತ್ತಳು, ಹೋದಳು. ಏನಾಗಿತ್ತು ಅಂತ ಕೇಳಿದರೆ ದೊಡ್ಡವರು ಕೈ ಮೇಲೆ ತೋರಿಸಿ ಸುಮ್ಮನಾಗುತ್ತಿದ್ದರು. ಬಹಳ ವರ್ಷದ ಮೇಲೆ, ಆವತ್ತು ಆ ಕೋಣೆಯಲ್ಲಿದ್ದ ಮುದುಕಿಯೊಬ್ಬರು ನನಗೆ ಒಂದು ವಿವರ ಹೇಳಿದರು. ಮಗು ಹುಟ್ಟಿದ ಮೇಲೆ ಅವಳು ಒಂದೇ ಸಮನೆ ನೀರು ನೀರು ಅನ್ನುತ್ತಿದ್ದಳಂತೆ. ಹಸಿ ಬಾಣಂತಿಗೆ ನೀರು ಕೊಡಬಾರದು ಅಂತ ಯಾರೂ ಕೊಡಲಿಲ್ಲ. ಮುಖ ಬೆಳ್ಳಗಾಗಿತ್ತು, ಕೈಕಾಲು ತಣ್ಣಗಾಗಿತ್ತು, ಸುಸ್ತಾಗಿದ್ದಾಳೆ ಮಲಗಲಿ ಅಂತ ಬಿಟ್ಟರಂತೆ. ಈಗ ಓದಿದವರು ಯಾರಾದರೂ ಇದನ್ನು ಕೇಳಿದರೆ ತಕ್ಷಣ ಹೇಳುತ್ತಾರೆ, ಮೈಯಲ್ಲಿ ರಕ್ತ ಖಾಲಿಯಾಗುತ್ತಿರುವವರ ಬಾಯಾರಿಕೆ ಅದು. ಆ ಕೋಣೆಯಲ್ಲಿ ಅವಳನ್ನು ಪ್ರೀತಿಸದವರು ಯಾರೂ ಇರಲಿಲ್ಲ.

ಹೆರಿಗೆ ಅಂದರೆ ಹೆಣ್ಣಿಗೆ ಮರುಜನ್ಮ ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಆ ಮಾತಿನಲ್ಲಿ ಹಿರಿಯರ ಭಯ ಇದೆ, ಅನುಭವ ಇದೆ. ಆದರೆ ಅದೇ ಮಾತು ಸಾವನ್ನು ಹಣೆಬರಹ ಅಂತ ಒಪ್ಪಿಕೊಳ್ಳುವುದಕ್ಕೂ ದಾರಿ ಮಾಡಿಕೊಟ್ಟಿದೆ. ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಬಸುರಿ, ಬಾಣಂತಿಯರ ಸಾವು ಜಗತ್ತಿನಲ್ಲಿ ಸುಮಾರು 2,60,000. ಎರಡು ನಿಮಿಷಕ್ಕೆ ಒಬ್ಬಳು. ನೈಜೀರಿಯಾ ಒಂದರಲ್ಲೇ ಸುಮಾರು 75,000. ಭಾರತದಲ್ಲಿ 19,000, ಅಂದರೆ ದಿನಕ್ಕೆ 52. ಜಗತ್ತಿನ ಈ ಸಾವುಗಳಲ್ಲಿ ಕಾಲು ಭಾಗಕ್ಕೂ ಜಾಸ್ತಿ ರಕ್ತಸ್ರಾವದಿಂದ. ಆಮೇಲೆ ಬಿಪಿ ಏರಿ ಬರುವ ತೊಂದರೆಗಳು, ನಮ್ಮಲ್ಲಿ ನಂಜು ಅನ್ನುತ್ತಾರಲ್ಲ, ಅದು. ಆಮೇಲೆ ಸೋಂಕು. ಯಾವುದೂ ಹೊಸ ಕಾಯಿಲೆ ಅಲ್ಲ. ಯಾವುದಕ್ಕೂ ಇನ್ನು ಮೇಲೆ ಔಷಧಿ ಕಂಡುಹಿಡಿಯಬೇಕಾಗಿಲ್ಲ. ಟ್ರಾನೆಕ್ಸಾಮಿಕ್ ಆಸಿಡ್ ಅನ್ನು ಜಪಾನಿನ ಉತಾಕೊ ಒಕಾಮೊಟೊ ಅನ್ನುವ ವಿಜ್ಞಾನಿ ತನ್ನ ಗಂಡನ ಜೊತೆ ಸೇರಿ ಕಂಡುಹಿಡಿದಿದ್ದು 1960ರ ದಶಕದಲ್ಲಿ. ಹೆರಿಗೆಯ ರಕ್ತಸ್ರಾವಕ್ಕೇ ಅದನ್ನು ಪರೀಕ್ಷಿಸಬೇಕು ಅಂತ ಆಕೆಗೆ ಆಸೆ ಇತ್ತು. 20,000 ತಾಯಂದಿರ ಮೇಲೆ ಆ ದೊಡ್ಡ ಪರೀಕ್ಷೆ ನಡೆದು, ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ಮೂರನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ ಅಂತ ಫಲಿತಾಂಶ ಬಂದಿದ್ದು 2017ರಲ್ಲಿ. ಆಕೆ 2016ರಲ್ಲೇ 98ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಅಗ್ಗದ, ಕೈಗೆ ಸಿಗುವ ಒಂದು ಔಷಧಿ ತಾಯಂದಿರವರೆಗೆ ಬರಲು 50 ವರ್ಷಕ್ಕೂ ಜಾಸ್ತಿ ಹಿಡಿಯಿತು. ಇದಕ್ಕೆ ಸಿಟ್ಟು ಬರುವುದಿಲ್ಲವಾ?

ಮಗುವಿನ ವಿಷಯದಲ್ಲೂ ಕಣ್ಣಂದಾಜು ಹೀಗೇ ಕೈಕೊಡುತ್ತದೆ. ಮಗು ಹುಟ್ಟಿತು, ಅಳಲಿಲ್ಲ, ಮೈ ನೀಲಿ, ಕೈಕಾಲು ಜೋತುಬಿದ್ದಿದೆ. ಎಷ್ಟೋ ಕಡೆ ಅಲ್ಲಿಗೆ ಮುಗಿಯಿತು. ಸತ್ತೇ ಹುಟ್ಟಿತು ಅಂತ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡುತ್ತಾರೆ. ಆದರೆ ಹಾಗೆ ಪಕ್ಕಕ್ಕಿಟ್ಟ ಎಷ್ಟೋ ಮಕ್ಕಳ ಎದೆ ಇನ್ನೂ ಬಡಿಯುತ್ತಿರುತ್ತದೆ. ಉಸಿರು ಶುರುವಾಗಲು ಒಂದು ತಳ್ಳು ಬೇಕಿರುತ್ತದೆ, ಅಷ್ಟೇ. ಮೈ ಒರೆಸಿ, ಬೆನ್ನು ಉಜ್ಜಿ, ಆಗಲೂ ಉಸಿರಾಡದಿದ್ದರೆ ಮುಖಕ್ಕೆ ಪುಟ್ಟ ಮಾಸ್ಕ್ ಇಟ್ಟು ಬ್ಯಾಗ್ ಒತ್ತಿ ಗಾಳಿ ಕೊಡಬೇಕು. ಒಂದು ನಿಮಿಷದ ಒಳಗೆ. ಕರ್ನಾಟಕದಲ್ಲಿ ಹಳ್ಳಿಯ ಆರೋಗ್ಯ ಕೇಂದ್ರಗಳಿಂದ ಹಿಡಿದು ಜಿಲ್ಲಾ ಆಸ್ಪತ್ರೆಯವರೆಗೆ 599 ಜನ ಹೆರಿಗೆ ಸಿಬ್ಬಂದಿಗೆ ಈ ತರಬೇತಿ ಕೊಟ್ಟು ನೋಡಿದರು. ಡಾ. ಗೌಡರ ಅವರ ತಂಡವೇ ಆ ವರದಿಯನ್ನು 2013ರಲ್ಲಿ ಪ್ರಕಟಿಸಿತು. ಆಗಷ್ಟೇ ಜೀವ ಹೋದಂತೆ ಹುಟ್ಟುತ್ತಿದ್ದ ಮಕ್ಕಳ ಲೆಕ್ಕ ಶೇಕಡ 1.7ರಿಂದ 0.9ಕ್ಕೆ ಇಳಿಯಿತು. ಹಾಗೆ ಬದುಕಿಸಿದ ಮಕ್ಕಳು ಆಮೇಲಿನ ದಿನಗಳಲ್ಲಿ ಸತ್ತಿರಬಹುದು ಅಂತ ಯಾರಾದರೂ ಕೇಳಬಹುದು. ಮೊದಲ ತಿಂಗಳ ಸಾವಿನ ಪ್ರಮಾಣ ಏರಲಿಲ್ಲ. ಆ ಮಕ್ಕಳು ಉಳಿದರು.

ಇದನ್ನು ಓದಿದ ದಿನ ನಾನು ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ. ಸತ್ತು ಹುಟ್ಟಿದವು ಅಂತ ನಾವು ಹೂತ ಮಕ್ಕಳಲ್ಲಿ ಎಷ್ಟು ಮಕ್ಕಳಿಗೆ ಆ ಒಂದು ನಿಮಿಷ ಸಿಕ್ಕಿರಲಿಲ್ಲ?

ಉಸಿರನ್ನು ಎಣಿಸುವುದರ ಬಗ್ಗೆ ನಮ್ಮ ನೆರೆಯ ಮಹಾರಾಷ್ಟ್ರದಲ್ಲೇ ಒಂದು ಅದ್ಭುತ ಕೆಲಸ ನಡೆದಿದೆ. ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ನವಜಾತ ಶಿಶುವಿನ ಆರೈಕೆ ಕಲಿಸಿದರು. ನ್ಯುಮೋನಿಯಾ ಗುರುತಿಸಲು ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಬೇಕು. ಅಷ್ಟು ದೂರ ಎಣಿಕೆ ಬಾರದವರಿಗೆ? ಮಣಿ ಸರಿಸುವ ಹಲಗೆ ಮತ್ತು ಮರಳಿನ ಗಡಿಯಾರ ಸೇರಿಸಿ ಒಂದು ಸಲಕರಣೆ ಮಾಡಿದರು. ಹತ್ತು ಉಸಿರಿಗೆ ಒಂದು ಮಣಿ. ಮರಳು ಇಳಿದು ಮುಗಿಯುವ ಮೊದಲೇ ಕೆಂಪು ಮಣಿಗೆ ಬಂದರೆ ಮಗುವಿಗೆ ಔಷಧಿ ಬೇಕು. 1999ರಲ್ಲಿ ಅವರ ಫಲಿತಾಂಶ ಬಂದಾಗ ನವಜಾತ ಶಿಶುಗಳ ಸಾವು ಶೇಕಡ 62ರಷ್ಟು ಕಡಿಮೆಯಾಗಿತ್ತು. ಆಸ್ಪತ್ರೆ ಕಟ್ಟಿ ಅಲ್ಲ, ಮನೆ ಮನೆಗೆ ಹೋಗಿ. ಇವತ್ತು ದೇಶದ ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಬರುತ್ತಾರಲ್ಲ, ಆ ಕಾರ್ಯಕ್ರಮದ ಬೇರು ಅಲ್ಲಿದೆ.

ತೂಕ ಕಡಿಮೆ ಇರುವ ಮಕ್ಕಳಿಗೆ ತಾಯಿಯ ಎದೆಯ ಬಿಸಿಯೇ ಔಷಧಿ. ಕಾಂಗರೂ ಆರೈಕೆ ಅಂತ ಕರೆಯುವ ಈ ಪದ್ಧತಿ ಕೊಲಂಬಿಯಾದ ಬೊಗೊಟಾದಲ್ಲಿ 1970ರ ದಶಕದ ಕೊನೆಗೆ ಶುರುವಾಯಿತು. ಇನ್‌ಕ್ಯುಬೇಟರ್ ಸಾಲದೆ ಹೋದಾಗ ಅಲ್ಲಿನ ಡಾಕ್ಟರುಗಳು ಹುಡುಕಿಕೊಂಡ ದಾರಿ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಸರ್ಕಾರದ ಜೊತೆ ಸೇರಿ ಇದನ್ನು ಇಡೀ ಜಿಲ್ಲೆಗೆ ಹಬ್ಬಿಸಿ ತೋರಿಸಿದ್ದಾರೆ. 2021ರ ಐದು ದೇಶಗಳ ಅಧ್ಯಯನವೊಂದರಲ್ಲಿ, ಪುಟ್ಟ ಮಗುವನ್ನು ಹುಟ್ಟಿದ ಕೂಡಲೇ ಎದೆಗೆ ಹಾಕಿಕೊಂಡರೆ ಸಾವು ಶೇಕಡ 25ರಷ್ಟು ತಗ್ಗುತ್ತದೆ ಅಂತ ಕಂಡಿತು. ಆದರೆ ಮಗು ಪುಟ್ಟದು ಅಂತ ಗೊತ್ತಾಗಬೇಕಾದರೆ ಮೊದಲು ತೂಗಬೇಕಲ್ವಾ. ಹೆರಿಗೆಯಾದ ಮನೆಯಲ್ಲಿ ಹೊಸ ಮಗುವನ್ನು ತೂಗಿದರೆ ದೃಷ್ಟಿಯಾಗುತ್ತದೆ ಅನ್ನುವವರು ಈಗಲೂ ಇದ್ದಾರೆ.

ಬಿಪಿ, ರಕ್ತಹೀನತೆ ಎರಡೂ ಇದೇ ಸಾಲಿನವು. ಕಣ್ಣ ರೆಪ್ಪೆ ಕೆಳಗೆ ಎಳೆದು ನೋಡಿ ರಕ್ತ ಇದೆ ಅಂತ ಹೇಳುವುದು ಅಳತೆಯಲ್ಲ. ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕೂ ಜಾಸ್ತಿ ಜನಕ್ಕೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ರಕ್ತ ಮೊದಲೇ ಕಡಿಮೆ ಇರುವವಳಿಗೆ ಅರ್ಧ ಲೀಟರ್ ಹೋಗುವುದು, ಗಟ್ಟಿಮುಟ್ಟಾದವಳಿಗೆ ಒಂದು ಲೀಟರ್ ಹೋದದ್ದಕ್ಕಿಂತ ಕೆಟ್ಟದ್ದಾಗಬಹುದು.

ಈಗ ಮನೆಯ ಹೆರಿಗೆ ನಮ್ಮಲ್ಲಿ ಹೆಚ್ಚೂಕಡಿಮೆ ಮುಗಿದ ಕತೆ. ಪಾವಗಡದ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅವರಂಥವರ ಕೈಯ ಮೇಲೆ ಊರುಗಳು ನಡೆದ ಕಾಲ ಇತ್ತು. ಈಗ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ. ಹೆರಿಗೆ ನೋವು ಬಂದರೆ 108 ಬರುತ್ತದೆ. ಒಂದು ಲಕ್ಷ ಹೆರಿಗೆಗೆ ಸಾಯುವ ತಾಯಂದಿರ ಸಂಖ್ಯೆ ರಾಜ್ಯದಲ್ಲಿ 2001-03ರಲ್ಲಿ 228 ಇದ್ದದ್ದು 2018-20ಕ್ಕೆ 69ಕ್ಕೆ ಇಳಿಯಿತು. ಇದು ಸಣ್ಣ ಸಾಧನೆ ಅಲ್ಲ. ಆದರೆ ಅದೇ ಹೊತ್ತಿಗೆ ಕೇರಳದಲ್ಲಿ 19, ತೆಲಂಗಾಣದಲ್ಲಿ 43, ಆಂಧ್ರದಲ್ಲಿ 45, ತಮಿಳುನಾಡಿನಲ್ಲಿ 54 ಇತ್ತು. ದಕ್ಷಿಣದಲ್ಲಿ ಕೊನೆಯ ಸಾಲು ನಮ್ಮದೇ.

ಇದರ ಅರ್ಥ ನೇರವಾಗಿದೆ. ನಮ್ಮ ತಾಯಂದಿರು ಈಗ ಸಾಯುತ್ತಿರುವುದು ಬಹುಪಾಲು ಆಸ್ಪತ್ರೆಗಳಲ್ಲಿ, ಇಲ್ಲವೇ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ. ಪಿಎಚ್‌ಸಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ಮೆಡಿಕಲ್ ಕಾಲೇಜಿಗೆ. ಪ್ರತಿ ಕಡೆ ಒಂದು ಚೀಟಿ, ರೆಫರ್ಡ್ ಅಂತ. ಆ ಚೀಟಿಯಲ್ಲಿ ಎಷ್ಟು ರಕ್ತ ಹೋಗಿದೆ ಅಂತ ಅಂಕಿ ಬರೆದಿದ್ದರೆ ಮುಂದಿನ ಆಸ್ಪತ್ರೆ ರಕ್ತ ಸಿದ್ಧ ಮಾಡಿಟ್ಟುಕೊಂಡು ಕಾಯಬಹುದು. ಬ್ಲೀಡಿಂಗ್ ಇದೆ ಅಂತ ಮಾತ್ರ ಬರೆದರೆ ಅವರಿಗೆ ಏನೂ ತಿಳಿಯುವುದಿಲ್ಲ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಡ್ರಿಪ್‌ನಲ್ಲಿ ಕೊಟ್ಟ ದ್ರಾವಣದ ಮೇಲೆ ಅನುಮಾನ ಬಂತು, ರಾಜ್ಯವೇ ತಲ್ಲಣಿಸಿತು. ಆಮೇಲೆ ಸರ್ಕಾರ ಆ ವರ್ಷ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ನಡೆದ 464 ತಾಯಂದಿರ ಸಾವುಗಳನ್ನು ಒಂದೊಂದಾಗಿ ಆಡಿಟ್ ಮಾಡಿಸಿತು. ಹತ್ತರಲ್ಲಿ ಏಳು ಸಾವು ತಪ್ಪಿಸಬಹುದಾಗಿತ್ತು ಅಂತ ಅದರಲ್ಲಿ ಬಂತು.

ಹತ್ತರಲ್ಲಿ ಏಳು. ಟಿವಿಯಲ್ಲಿ ಒಂದು ದಿನ ಓಡಿ ಮುಗಿದುಹೋದ ಸುದ್ದಿ. ಬಳ್ಳಾರಿಯ ಸಾವುಗಳಿಗೆ ಇಡೀ ರಾಜ್ಯ ಮರುಗಿತು, ಮರುಗಬೇಕಾದ್ದೇ. ಆದರೆ ಉಳಿದ ನಾಲ್ಕು ನೂರು ಚಿಲ್ಲರೆ ತಾಯಂದಿರು ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ದಿನ, ಒಬ್ಬೊಬ್ಬರೇ ಹೋದರು. ಹಾಗಾಗಿ ಯಾರಿಗೂ ಸದ್ದು ಕೇಳಲಿಲ್ಲ. ಆಡಿಟ್ ಮಾಡದಿದ್ದರೆ ಅವರೂ ಹೆತ್ತಳು, ಹೋದಳು ಅನ್ನುವ ಎರಡು ಮಾತಿನಲ್ಲೇ ಉಳಿದುಬಿಡುತ್ತಿದ್ದರು.

ಸಾವಿನ ಆಡಿಟ್ ಅಂದರೆ ತಪ್ಪಿತಸ್ಥರನ್ನು ಹಿಡಿಯುವುದು ಅಂತ ನಮ್ಮಲ್ಲಿ ಬೇರೂರಿದೆ. ಯಾರೋ ಒಬ್ಬ ಸಿಸ್ಟರ್ ಸಸ್ಪೆಂಡ್ ಆಗುತ್ತಾರೆ, ಫೈಲ್ ಮುಚ್ಚುತ್ತದೆ. ಮುಂದಿನ ಸಲ ಕೇಸ್ ಶೀಟಿನಲ್ಲಿ ನಿಜ ಬರೆಯಲು ಎಲ್ಲರೂ ಹೆದರುತ್ತಾರೆ. ಇಂಗ್ಲೆಂಡಿನಲ್ಲಿ 1952ರಿಂದಲೂ ಬೇರೆ ರೀತಿ ಮಾಡುತ್ತಾರೆ. ತಾಯಿಯ ಹೆಸರಿಲ್ಲ, ಡಾಕ್ಟರ ಹೆಸರಿಲ್ಲ, ಆಸ್ಪತ್ರೆಯ ಹೆಸರಿಲ್ಲ. ಏನಾಯಿತು, ಎಲ್ಲಿ ತಡವಾಯಿತು, ಮುಂದೆ ಏನು ಮಾಡಬೇಕು, ಇಷ್ಟೇ. ಕೇರಳದ ಹೆರಿಗೆ ತಜ್ಞರ ಸಂಘ 2004ರಿಂದ ಇದೇ ದಾರಿ ಹಿಡಿಯಿತು. ತ್ರಿಶೂರಿನ ಡಾ. ವಿ.ಪಿ. ಪೈಲಿ ಅದಕ್ಕೆ ಬೆನ್ನೆಲುಬಾಗಿ ನಿಂತರು. ರಕ್ತಸ್ರಾವವೇ ಮೊದಲ ಕೊಲೆಗಾರ ಅಂತ ಕಂಡಾಗ, ಅದನ್ನು ನಿಲ್ಲಿಸುವ ಸಲಕರಣೆಗಳನ್ನು ಪೈಲಿಯವರೇ ರೂಪಿಸಿ, ಊರೂರಿಗೆ ಹೋಗಿ ಕಲಿಸಿದರು. 19 ಅನ್ನುವ ಆ ಅಂಕಿಯ ಹಿಂದೆ ಕೇರಳದ ಓದು, ರಸ್ತೆ, ಆಸ್ಪತ್ರೆ ಎಲ್ಲವೂ ಇದೆ. ಜೊತೆಗೆ ಪ್ರತಿ ಸಾವನ್ನೂ ಕೂತು ಓದುವ ಈ ಅಭ್ಯಾಸವೂ ಇದೆ. ಅಳೆಯುವ ಹಾಳೆಯನ್ನು ಜಗತ್ತಿಗೆ ಕೊಟ್ಟ ರಾಜ್ಯಕ್ಕೆ ಇದನ್ನು ಮಾಡಲು ಬುದ್ಧಿ ಸಾಲದೆ? ಖಂಡಿತ ಸಾಲುತ್ತದೆ. ನಮ್ಮ 464ರ ಆಡಿಟ್ ಒಂದು ಸಲದ ಕೆಲಸವಾಗಿ ನಿಲ್ಲಬಾರದು. ಪ್ರತಿ ವರ್ಷ ಆಗಬೇಕು, ಕನ್ನಡದಲ್ಲಿ ಅಚ್ಚಾಗಬೇಕು, ಯಾವುದೇ ತಾಲ್ಲೂಕಿನ ಸಿಸ್ಟರ್ ತೆರೆದು ಓದುವಂತಿರಬೇಕು.

ಮನೆಯವರ ಪಾಲಿಗೆ ಬರುವ ಅಳತೆಯೂ ಇದೆ. ಹೆರಿಗೆಯಾದ ಮೊದಲ 24 ಗಂಟೆ ಬಾಣಂತಿಯ ಪಕ್ಕದಲ್ಲಿ ಮಗುವನ್ನಲ್ಲ, ಅವಳನ್ನು ನೋಡಿಕೊಳ್ಳಲೆಂದೇ ಒಬ್ಬರು ಇರಲಿ. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದರೆ, ಎದೆ ಡವಗುಟ್ಟಿದರೆ, ತಲೆ ಸುತ್ತಿದರೆ, ಬಾಯಾರಿಕೆ ತಡೆಯಲಾಗದಿದ್ದರೆ, ಮೈ ತಣ್ಣಗೆ ಬೆವೆತರೆ, ಸುಸ್ತು ಅಂತ ಬಿಡಬೇಡಿ. ಸಿಸ್ಟರನ್ನು ಕರೆಯಿರಿ, ಬರುವ ತನಕ ಕರೆಯಿರಿ. ತಲೆನೋವು ಜೋರಾಗಿ ಕಣ್ಣು ಮಂಜಾದರೆ ಬಿಪಿ ನೋಡಿಸಿ, ಹೆರಿಗೆಯಾಗಿ ವಾರ ಕಳೆದಿದ್ದರೂ ಸರಿ. ಬಸುರಿಯಿದ್ದಾಗಲೇ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಅಂಕಿ ಬರೆದಿದೆಯಾ ಅಂತ ನೋಡಿ. ಖಾಲಿ ಇದ್ದರೆ ಕೇಳಿ. ಬಾಣಂತಿಗೆ ನೀರು ಕೊಡಿ.

ತಾಯಿಯ ಸಾವು ಅಂತ ಲೆಕ್ಕಕ್ಕೆ ಬರುವುದು ಹೆರಿಗೆಯಾಗಿ 42 ದಿನಗಳವರೆಗೆ. ಜಗತ್ತಿನಲ್ಲಿ 2022ರಲ್ಲಿ ತೀರಿಕೊಂಡ 23 ಲಕ್ಷ ನವಜಾತ ಶಿಶುಗಳಲ್ಲಿ ಹೆಚ್ಚಿನವು ಮೊದಲ ವಾರದಲ್ಲೇ ಹೋದವು. ಈ ದಿನಗಳಲ್ಲಿ ನಮ್ಮ ಬಾಣಂತಿ ಆಸ್ಪತ್ರೆಯಲ್ಲಿ ಇರುವುದಿಲ್ಲ, ತವರುಮನೆಯ ಒಳಕೋಣೆಯಲ್ಲಿ ಇರುತ್ತಾಳೆ. ಅಲ್ಲಿಗೆ ಬರುವವಳು ಆಶಾ ಒಬ್ಬಳೇ. 3ನೇ ದಿನ, 7ನೇ ದಿನ, 14, 21, 28, 42. ಚೀಲದಲ್ಲಿ ತೂಕದ ಸಲಕರಣೆ, ಥರ್ಮಾಮೀಟರ್, ವಾಚು. ಮಗುವಿನ ಉಸಿರು ಎಣಿಸುತ್ತಾಳೆ, ಬಿಸಿ ನೋಡುತ್ತಾಳೆ, ತಾಯಿಗೆ ರಕ್ತ ಹೋಗುತ್ತಿದೆಯಾ, ಜ್ವರ ಇದೆಯಾ ಅಂತ ಕೇಳಿ ಬರೆದುಕೊಳ್ಳುತ್ತಾಳೆ. 2025ರ ಜನವರಿಯಲ್ಲಿ ಈ ಆಶಾಗಳು ರಾಜ್ಯದ ಮೂಲೆ ಮೂಲೆಯಿಂದ ಬೆಂಗಳೂರಿಗೆ ಬಂದು ಫ್ರೀಡಂ ಪಾರ್ಕ್‌ನಲ್ಲಿ ರಾತ್ರಿಯ ಚಳಿಯಲ್ಲೂ ಧರಣಿ ಕೂತಿದ್ದರು, ತಿಂಗಳಿಗೆ 15,000 ರೂಪಾಯಿ ಖಾತ್ರಿ ಗೌರವಧನ ಕೊಡಿ ಅಂತ. ಎಣಿಸುವ, ಅಳೆಯುವ, ಬರೆದಿಡುವ ಈ ಕೆಲಸವೇ ಜೀವ ಉಳಿಸುವ ಕೆಲಸ ಅಂತ ಒಪ್ಪುವ ಯಾವ ಸರ್ಕಾರಕ್ಕೂ ಆ ಬೇಡಿಕೆ ದುಬಾರಿ ಅನ್ನಿಸಬಾರದು.